ಅಕ್ಕ ಹೇಳದ ಮಾತನ್ನು ಓದಿದ ದಿನ

ಎರಡು ವರ್ಷದ ಹಿಂದೆ ದೀಪಾವಳಿ ಕಳೆದ ಮೇಲೆ ನನಗೆ ಒಂದು ಹೊಸ ಕೆಲಸ ಸಿಕ್ಕಿತು. ಆಗ ನನಗೆ ಐವತ್ತೆರಡು. ಬಂಟ್ವಾಳದ ಒಂದು ಭಜನಾ ತಂಡದಲ್ಲಿ ಹಾರ್ಮೋನಿಯಂ ನುಡಿಸಿ ಹಾಡುತ್ತಿದ್ದೆ. ಓದಿದ್ದು ಏಳನೆಯ ತರಗತಿ. ಅಂಥವನಿಗೆ ಒಂದು ಇಡೀ ಪುಸ್ತಕವನ್ನು ಗಟ್ಟಿಯಾಗಿ ಓದುವ ಕೆಲಸ ಬಂತು.

ಪುಸ್ತಕ ಐತಪ್ಪಣ್ಣನ ಜೀವನಕಥೆ. ತುಳು ನಾಟಕಗಳಿಗೆ, ಕ್ಯಾಸೆಟ್ಟುಗಳಿಗೆ ನೂರಾರು ಹಾಡು ಬರೆದವರು ಅವರು. ಸಕ್ಕರೆ ಕಾಯಿಲೆಯಿಂದ ಕಣ್ಣು ಹೋದ ಮೇಲೆ ಬಾಯಲ್ಲಿ ಹೇಳಿ ಬರೆಸಿದ್ದರು. ಅದನ್ನು ಮೊಬೈಲಿನಲ್ಲಿ ಕೇಳುವ ಹಾಗೆ ಆಡಿಯೋ ಪುಸ್ತಕ ಮಾಡುವುದೆಂದು ಪ್ರಕಾಶಕರು ಹೊರಟಾಗ, ತಮ್ಮ ಹಾಡು ಹಾಡಿದ ನನ್ನ ಸ್ವರವೇ ತಮ್ಮ ಕಥೆಯನ್ನೂ ಓದಲಿ ಎಂದು ಐತಪ್ಪಣ್ಣ ಹಟ ಹಿಡಿದರು.

ಸುದ್ದಿ ಕೇಳಿ ಹೆಚ್ಚು ಖುಷಿಪಟ್ಟವಳು ಬೆಳ್ತಂಗಡಿಗೆ ಮದುವೆಯಾಗಿ ಹೋದ ನನ್ನ ಅಕ್ಕ ಲೀಲಾ. ಏಳನೇ ಕ್ಲಾಸಿನವ ಪುಸ್ತಕ ಓದುವುದು ಕೇಳಿದರೆ ನಮ್ಮ ಹಳೇ ಮಾಸ್ತ್ರು ಊರು ಬಿಟ್ಟಾರು ಎಂದು ನಕ್ಕಳು. ಅವಳು ಶಾಲೆಗೆ ಹೋದದ್ದು ನನಗಿಂತಲೂ ಕಡಿಮೆ, ಪುಸ್ತಕ ಮುಟ್ಟುವವಳಲ್ಲ. ಆದರೆ ಬೀಡಿ ಕಟ್ಟುವಾಗ ಇಡೀ ದಿನ ಪಕ್ಕದಲ್ಲಿ ಮೊಬೈಲು ಮಾತಾಡುತ್ತಿರುತ್ತದೆ. ಕಟ್ಟಿದ ಬೀಡಿ ಕೊಡಲು ಕಂಪನಿಯ ಬ್ರಾಂಚಿಗೆ ಹೋದಾಗ ಅಲ್ಲಿಯ ಹೆಂಗಸರಿಗೆಲ್ಲ, ತಮ್ಮನ ಪುಸ್ತಕ ಬರ್ತದೆ, ಕೇಳಿ ಎಂದು ಹೇಳಿಟ್ಟಿದ್ದಳು.

ನನಗೆ ಹೆದರಿಕೆ ಶುರುವಾದದ್ದು ಅಲ್ಲಿ. ಪುಸ್ತಕ ಅಚ್ಚಾದಾಗಲೇ ಎಂಬತ್ತಾರನೆಯ ಪುಟವನ್ನು ನಾನು ಓದಿದ್ದೆ. ಅಕ್ಕ ಓದುವುದಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ.

ಆ ಪುಟದಲ್ಲಿರುವುದು ನನಗೆ ಹೆಸರು ತಂದ ಹಾಡಿನ ಸಂಗತಿ. ಇಪ್ಪತ್ತೆಂಟು ವರ್ಷದ ಹಿಂದೆ ಐತಪ್ಪಣ್ಣ ಆ ಹಾಡು ಬರೆದು, ಧಾಟಿ ಹಾಕು ಎಂದು ನನ್ನ ಕೈಗೆ ಕೊಟ್ಟಿದ್ದರು. ಒಂದು ವಾರ ಹಾರ್ಮೋನಿಯಂ ಎಳೆದರೂ ನನಗೆ ಆಗಲಿಲ್ಲ. ಆಗಿನ್ನೂ ಮದುವೆಯಾಗದೆ ಮನೆಯಲ್ಲೇ ಇದ್ದು, ತಡ್ಪೆ ಎಂಬ ಮೊರವನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಸುತ್ತುತ್ತಿದ್ದ ಅಕ್ಕ ನನ್ನ ಒದ್ದಾಟ ಕೇಳಿ ಕೇಳಿ ತಾನೇ ಗುನುಗಿದಳು. ಅದೇ ಧಾಟಿ. ಮನೆಗೆ ಬಂದ ಐತಪ್ಪಣ್ಣ ಜಗಲಿಯಲ್ಲಿ ನಿಂತು ಅದನ್ನು ಕೇಳಿದರು. ಕ್ಯಾಸೆಟ್ಟಿಗೆ ಅವಳೇ ಹಾಡಲಿ, ಕೇಳಿ ಬಾ ಎಂದು ಮರುದಿನ ನನ್ನ ಹತ್ತಿರ ಹೇಳಿದರು.

ನಾನು ಅವಳನ್ನು ಕೇಳಲೇ ಇಲ್ಲ. ಎರಡು ದಿನ ಬಿಟ್ಟು ಹೋಗಿ, ಅವಳಿಗೆ ಇಷ್ಟವಿಲ್ಲವಂತೆ ಎಂದೆ. ಹೆಣ್ಣುಮಕ್ಕಳು ಸ್ಟುಡಿಯೋಕ್ಕೆ ಹೋದರೆ ಜನ ಮಾತಾಡುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅದು ನಿಜವಲ್ಲ. ಅವಳು ಒಮ್ಮೆ ಹಾಡಿದರೆ ಮತ್ತೆ ನನ್ನನ್ನು ಯಾರೂ ಕರೆಯಲಿಕ್ಕಿಲ್ಲ ಎಂದು ಹೆದರಿದ್ದೆ. ಹಾಡಿದ್ದು ನಾನು. ಧಾಟಿ ಎಂದು ಕ್ಯಾಸೆಟ್ಟಿನ ಮೇಲೆ ಬಂದದ್ದೂ ನನ್ನ ಹೆಸರು. ಹೆಸರು ಬಂದದ್ದಕ್ಕೆ ಅಕ್ಕ ಏನೂ ಅನ್ನಲಿಲ್ಲ. ಅವಳನ್ನು ಕರೆದಿದ್ದರು ಎಂಬುದೇ ಅವಳಿಗೆ ಗೊತ್ತಿರಲಿಲ್ಲ.

ರೆಕಾರ್ಡಿಂಗ್ ಮೂಡುಬಿದಿರೆಯ ಒಂದು ಸಣ್ಣ ಸ್ಟುಡಿಯೋದಲ್ಲಿ. ರೆಕಾರ್ಡ್ ಮಾಡುವವಳು ಶಮೀಮಾ ಎಂಬ ಹುಡುಗಿ. ನಾನು ಗಾಜಿನ ಒಳಗೆ ಓದುವಾಗ ಅವಳು ಹೊರಗೆ ಕೂತು ಇನ್ನೊಂದು ಪ್ರತಿಯ ಮೇಲೆ ಬೆರಳಿಟ್ಟು ನೋಡುತ್ತಿದ್ದಳು. ತಪ್ಪಿದರೆ ಆ ವಾಕ್ಯದಿಂದ ಮತ್ತೆ ಓದಿಸಿ ಜೋಡಿಸುತ್ತಾಳೆ. ಅದಕ್ಕೆ ಪಂಚ್ ಎನ್ನುತ್ತಾರೆ. ಆರನೆಯ ದಿನ ಎಂಬತ್ತಾರನೆಯ ಪುಟ ಬಂತು. ನಾಲ್ಕು ಸಾಲು ಹಾರಿಸಿ ಮುಂದೆ ಹೋದೆ.

"ವಾಸಣ್ಣ, ನಾಲ್ಕು ಸಾಲು ಬಿಟ್ಟಿರಿ," ಎಂದಳು ಶಮೀಮಾ.

ಕಣ್ಣು ತಪ್ಪಿತು ಎಂದೆ. ಎರಡು ಸಲ ಓದಿದೆ, ಎರಡು ಸಲವೂ ಮಾತು ತಪ್ಪಿತು. ನೀರು ಕುಡಿದು ಮೂರನೆಯ ಸಲ ಓದಿದೆ: 'ಧಾಟಿ ವಾಸುವಿನ ಅಕ್ಕ ಲೀಲಾಳದು. ಹಾಡಲು ಬಾ ಎಂದು ತಮ್ಮನಲ್ಲಿ ಹೇಳಿ ಕಳಿಸಿದೆ. ತನಗೆ ಇಷ್ಟವಿಲ್ಲ ಎಂದಳಂತೆ. ಮತ್ತೆ ನಾನು ಕೇಳಲಿಲ್ಲ.'

"ಇದು ಚಂದ ಬಂತು ನೋಡಿ," ಎಂದಳು.

ಅದು ಚಂದ ಬಂದದ್ದೇ ನನಗೆ ತಡೆಯಲಾಗಲಿಲ್ಲ. ಒಮ್ಮೆ ಹೇಳಿದ್ದ ಸುಳ್ಳನ್ನು ಈಗ ಊರಿಗೆಲ್ಲ ಕೇಳುವ ಹಾಗೆ, ನಿಲ್ಲಿಸಬೇಕಾದಲ್ಲಿ ನಿಲ್ಲಿಸಿ, ಓದಿದ್ದೆ. ಹೊರಗೆ ಬಂದವನು ಬಂಟ್ವಾಳದ ಬಸ್ಸು ಬಿಟ್ಟು ಬೆಳ್ತಂಗಡಿಗೆ ಹೋದೆ.

ಅಕ್ಕ ಬೀಡಿ ಎಲೆ ಕತ್ತರಿಸುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ. ಅವಳ ಕತ್ತರಿ ಸ್ವಲ್ಪ ಹೊತ್ತು ನಡೆಯುತ್ತಲೇ ಇತ್ತು, ಆಮೇಲೆ ನಿಂತಿತು.

"ಕೇಳಿದ್ದರೆ ನಾನು ಬೇಡ ಅಂತಲೇ ಹೇಳ್ತಿದ್ದೆನೋ ಏನೋ," ಎಂದಳು. "ಆದರೆ ಬೇಡ ಅಂತ ಹೇಳಬೇಕಾದ್ದು ನಾನು ಅಲ್ವಾ ವಾಸು?"

ಅವಳು ಮತ್ತೆ ಕತ್ತರಿ ಎತ್ತಿಕೊಂಡು, ಐದು ಗಂಟೆಗೆ ಬಸ್ಸು ಉಂಟು, ಹೋಗು ಎಂದಳು. ಅಕ್ಕನ ಮನೆಯಿಂದ ಚಾ ಕುಡಿಯದೆ ಬಂದದ್ದು ಅದೊಂದೇ ಸಲ.

ಮರುದಿನ ಪೊಳಲಿಯಲ್ಲಿರುವ ಐತಪ್ಪಣ್ಣನ ಮನೆಗೆ ಹೋಗಿ ಅವರಿಗೆ ಹೇಳಿದೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಗೋಡೆಯ ಕಡೆ ಮುಖ ಮಾಡಿ ಕೂತರು.

"ಅವಳಿಗೆ ಜಂಬ ಅಂತ ತಿಳಿದಿದ್ದೆ ಮಾರಾಯ. ಕಣ್ಣು ಹೋಗುವ ಮೊದಲು ಒಂದು ಮದುವೆಯಲ್ಲಿ ಎದುರು ಬಂದು ಮಾತಾಡಿಸಿದಳು, ನಾನು ಮುಖ ತಿರುಗಿಸಿ ಹೋದೆ."

ನಾನು ಹೇಳಿದ ಸುಳ್ಳು ಅಷ್ಟು ದೂರ ಹೋಗಿತ್ತೆಂದು ನನಗೆ ಗೊತ್ತಾದದ್ದು ಆಗ. ಆ ನಾಲ್ಕು ಸಾಲು ತೆಗೆಯುವ ಎಂದೆ. ಅವರು ಒಪ್ಪಲಿಲ್ಲ. ತಾವು ನಂಬಿದ್ದು ಹಾಗೆಯೇ ಇರಲಿ, ಅದರ ಕೆಳಗೆ ನನ್ನದನ್ನು ನಾನೇ ಹೇಳಬೇಕು ಎಂದರು. ಮತ್ತೆ ಮೂಡುಬಿದಿರೆಗೆ ಹೋಗಿ ಎರಡು ವಾಕ್ಯ ಸೇರಿಸಿದೆ: 'ಇದನ್ನು ಓದುತ್ತಿರುವ ನಾನೇ ಆ ತಮ್ಮ. ನಾನು ಅಕ್ಕನನ್ನು ಕೇಳಿರಲೇ ಇಲ್ಲ.' ಶಮೀಮಾ ಚಂದ ಬಂತು ಎನ್ನಲಿಲ್ಲ. ಬಾಗಿಲು ತೆರೆದು, ನೀರು ಬೇಕಾ ವಾಸಣ್ಣ ಎಂದು ಕೇಳಿದಳು.

ಪುಸ್ತಕ ಮೊಬೈಲಿಗೆ ಬಂದ ಮೇಲೆ ಎರಡು ತಿಂಗಳು ಅಕ್ಕನ ಫೋನು ಇರಲಿಲ್ಲ. ನಂತರ ಒಂದು ಮಧ್ಯಾಹ್ನ ಬಂತು. ಬ್ರಾಂಚಿನ ಹೆಂಗಸರೆಲ್ಲ ಆ ಭಾಗ ಕೇಳಿದರು ಎಂದಳು. ಮತ್ತೆ, "ಓದಿದ್ದು ಸರಿ ಉಂಟು. ಹಾಡಿನ ಎರಡನೇ ಸಾಲು ಮಾತ್ರ ನೀನು ತಪ್ಪು ಹಾಡ್ತಿ. ಮೊದಲ ದಿನದಿಂದಲೂ ತಪ್ಪೇ," ಎಂದಳು. ಫೋನಿನಲ್ಲೇ ಆ ಸಾಲನ್ನು ಒಂದು ಸಲ ಹಾಡಿ ತೋರಿಸಿ, ಇಟ್ಟುಬಿಟ್ಟಳು.

ಈಗ ಆ ಸಾಲನ್ನು ಅವಳು ತೋರಿಸಿದ ಹಾಗೆ ಹಾಡುತ್ತೇನೆ. ಹಾಡುವ ಮೊದಲು ಧಾಟಿ ಯಾರದೆಂದು ಹೆಸರು ಹೇಳುತ್ತೇನೆ. ಬೇರೊಬ್ಬರ ಬದುಕನ್ನು ಓದುವವನ ಕೆಲಸ ಇಷ್ಟೇ: ಅವರು ಹೇಳಿದ್ದನ್ನು ಬಿಡಬಾರದು, ಹೇಳದ್ದನ್ನು ಹೇಳಿದರು ಎನ್ನಬಾರದು. ತಮ್ಮನಾದವನ ಕೆಲಸವೂ ಅಷ್ಟೇ ಇತ್ತು. ಅದನ್ನು ಐವತ್ತೆರಡನೆಯ ವಯಸ್ಸಿನಲ್ಲಿ ಕಲಿತೆ.