ಹಲಸೂರು ಕೆರೆಗೆ ಬಂದ ಕಡಲಹಕ್ಕಿ

ಹಲಸೂರು ಕೆರೆಯ ಬೇಲಿಯ ಬುಡದಲ್ಲಿ ಕಡಲಹಕ್ಕಿಯೊಂದು ಬಿದ್ದಿತ್ತು. ಬೆನ್ನು ಕಪ್ಪು, ಹೊಟ್ಟೆ ಬಿಳಿ, ಬಾಲ ಕವಲು. ನಮ್ಮ ಹೊನ್ನಾವರದ ದೋಣಿಯವರೂ ದಡ ಮರೆಯಾದ ಮೇಲೆಯೇ ನೋಡುವ ಹಕ್ಕಿ. ಅದನ್ನು ಇಷ್ಟು ಒಳನಾಡಿಗೆ ಬಿರುಗಾಳಿಯೇ ಹೊತ್ತು ತರಬೇಕು. ನನ್ನ ತಮ್ಮ ಗಣಪತಿ ಹಿಂದಿನ ದಿನವಷ್ಟೇ ಕಡಲಿಗೆ ಇಳಿದಿದ್ದ.

ಊರಲ್ಲಿ ಬಾಗಿಲು ತೆರೆದರೆ ಸಾಕು, ಕಡಲಿನ ಸಿಟ್ಟು ಮೂಗಿಗೇ ತಿಳಿಯುತ್ತಿತ್ತು. ಮದುವೆಯಾಗಿ ಬಂದ ಈ ವಠಾರದಲ್ಲಿ ತಿಳಿಯುವುದು ಪಕ್ಕದ ಮನೆಯ ಒಗ್ಗರಣೆ ಮಾತ್ರ. ಶಿವಾಜಿನಗರದ ಮೀನಂಗಡಿಯಲ್ಲಿ ಕೆಲಸಕ್ಕೆ ಸೇರಿ, ಬಂಗುಡೆಯನ್ನು ತಮಿಳಿನವರಂತೆ ‘ಅಯಿಲ’ ಎನ್ನಲು ಕಲಿತಿದ್ದೆ. ಗಾಳಿಯ ಭಯ ಮರೆತೇಹೋಗಿತ್ತು.

ಹಕ್ಕಿಯನ್ನು ದುಪಟ್ಟಾದಲ್ಲಿ ಸುತ್ತಿ ತಂದೆ. ಕುಕ್ಕುವ ಶಕ್ತಿಯೂ ಅದಕ್ಕಿರಲಿಲ್ಲ. ಪಕ್ಕದ ಮನೆಯ ಸೆಲ್ವಿಯಕ್ಕ ಬಾಗಿಲಲ್ಲೇ ತಡೆದಳು.

“ಸಾಯೋ ಹಕ್ಕೀನ ಯಾರಾದ್ರೂ ಮನೆಗ್ ತರ್ತಾರಾ? ಕೆರೇಲಿ ಬಿಟ್ಬಿಡು, ಈಜ್ಕೊಂಡ್ ಹೋಗತ್ತೆ.”

“ಬಾತುಕೋಳಿ ಅಲ್ಲಕ್ಕ ಇದು. ನೀರಿಗೆ ಬಿಟ್ರೆ ರೆಕ್ಕೆ ನೆಂದು ಮುಳುಗತ್ತೆ.”

ಅವಳು ಬಗ್ಗಿ ನೋಡಿ “ಪಾವಂ” ಎಂದಳು. ನಾವು ‘ಪಾಪ’ ಎನ್ನುವಂತೆಯೇ. ಮರುಗಳಿಗೆಯಲ್ಲಿ ರಟ್ಟಿನ ಪೆಟ್ಟಿಗೆ ತಂದುಕೊಟ್ಟಳು.

ಗಣಪತಿಯ ಫೋನ್ ಹತ್ತಲಿಲ್ಲ. ಅಮ್ಮ ಎತ್ತಿದಳು. “ಗಾಳಿ ಜೋರದೆ. ಯಾವ ದೋಣಿನೂ ಬರ್ಲಿಲ್ಲ ಮಗಾ.”

ಹಕ್ಕಿಗಳ ಚಿಕಿತ್ಸಾಲಯವಿದ್ದದ್ದು ಕೆ.ಆರ್. ಪುರದಾಚೆ. ಸೆಲ್ವಿಯಕ್ಕ ಕೇಳದೆಯೇ ಆಟೋ ಹತ್ತಿ ಜೊತೆಗೆ ಕೂತಳು. ತೂಗುಸೇತುವೆಯ ಬಳಿ ವಾಹನಗಳೆಲ್ಲ ನಿಂತುಬಿಟ್ಟವು. ತೊಡೆಯ ಮೇಲಿನ ಪೆಟ್ಟಿಗೆಯೊಳಗೆ ಸದ್ದಿಲ್ಲ. ಇದು ಸತ್ತರೆ ಅವನೂ ಬರಲಾರ ಎಂಬ ಕೆಟ್ಟ ಯೋಚನೆ ತಲೆಗೆ ಹೊಕ್ಕಿತು. ಮುಚ್ಚಳ ತೆರೆಯಲು ಕೈಬರಲಿಲ್ಲ. ಕಡೆಗೆ ಅವಳೇ ಇಣುಕಿದಳು. “ಉಸಿರಿದೆ, ಸುಮ್ನಿರು.”

ವೈದ್ಯೆ ಹಕ್ಕಿಯನ್ನು ಒಳಗೆ ಒಯ್ದರು. “ಉಳಿಯತ್ತೆ ಅಂತ ಹೇಳೋಕಾಗಲ್ಲ ರೀ.”

ಹೊರಗೆ ಬರುವಷ್ಟರಲ್ಲಿ ಫೋನ್ ಹೊಡೆದುಕೊಂಡಿತು. “ಅಕ್ಕಾ, ನಾ ದಡಕ್ಕೆ ಬಂದೆ,” ಎಂದ ಗಣಪತಿ. ನನಗೆ ಅಳು ಬಂತು. ಆಮೇಲೆ ಅವನು, “ನಮ್ಮ ಹಿಂದೇ ಇದ್ದ ಮಂಜಣ್ಣ ಬರ್ಲಿಲ್ಲ” ಎಂದ. ಮಂಜಣ್ಣ ಊರಲ್ಲಿ ನಮ್ಮ ಪಕ್ಕದ ಮನೆಯವನು.

ಹಕ್ಕಿ ಚೇತರಿಸಿಕೊಂಡಿತು, ಅದನ್ನು ಕರಾವಳಿಗೆ ಒಯ್ದು ಬಿಟ್ಟರಂತೆ. ಮಂಜಣ್ಣನ ದೋಣಿಯ ಹಲಗೆಗಳಷ್ಟೇ ಸಿಕ್ಕವು.

ನಾನು ಊರಿಗೆ ಹೋದೆ. ಅವನ ಹೆಂಡತಿ ನಾಗಮ್ಮ, ನಾನು ಹುಟ್ಟಿದಂದಿನಿಂದ ನನ್ನನ್ನು ಬಲ್ಲವಳು, ದೂರದ ನೆಂಟರಿಗೆ ಹಾಕುವ ಚಾಪೆ ಹಾಸಿದಳು. ನಾನು ಬಾಯಿ ತೆರೆಯುವ ಮೊದಲೇ, “ನಿಮ್ಮೂರಲ್ಲಿ ಎಲ್ಲ ಆರಾಮಾ?” ಎಂದು ಕೇಳಿದಳು.

ಹೂಂ ಎಂದೆ.