ನನ್ನ ಮೀನಿನ ತೊಟ್ಟಿಯಲ್ಲಿ ರಾಯರ ಹರಕೆ

ಮಿತ್ರರೇ, ಕಡಿಯಾಳಿಯ ನನ್ನ ಮನೆಯ ಚಾವಡಿಯಲ್ಲಿ ಸೋಮವಾರದಿಂದ ನನಗೇ ತಿಳಿಯದಂತೆ ಒಂದು ಹರಕೆ ಸಲ್ಲುತ್ತಿತ್ತು. ಇಂದು, ಭಾನುವಾರ ಬೆಳಿಗ್ಗೆ, ಕಣ್ಣಾರೆ ಕಂಡೆ.

ನನ್ನದು ಸಮುದ್ರದ ನೀರಿನ ಮೀನಿನ ತೊಟ್ಟಿ. ನೀರಿನ ಕೊಳೆಯನ್ನು ನೊರೆಯಾಗಿ ಎತ್ತಿ ಹೊರಹಾಕುವ ಯಂತ್ರವನ್ನು ಭಾವ ಬಹರೈನಿನಿಂದ ತಂದುಕೊಟ್ಟಿದ್ದರು. ಈ ವಾರ ನೊರೆಯೇ ಏಳಲಿಲ್ಲ. ಗಾಳಿಯ ಪಂಪು ಬಿಚ್ಚಿದೆ, ಕೊಳವೆ ತೊಳೆದೆ, ಕಾಪುವಿನ ಕಡಲಿನಿಂದ ಹೊಸ ನೀರು ತಂದೆ. ಎರಡು ಮೀನುಗಳಲ್ಲಿ ಒಂದು ಸತ್ತಿತು.

ಇಂದು ನೋಡಿದರೆ, ನೆರೆಮನೆಯ ವಾಸುದೇವರಾಯರು ತೊಟ್ಟಿಗೆ ಒಗ್ಗರಣೆ ಅವಲಕ್ಕಿ ಹಾಕುತ್ತಿದ್ದಾರೆ! ಎಣ್ಣೆ ಬಿದ್ದ ನೀರಿನಲ್ಲಿ ನೊರೆ ಏಳುವುದುಂಟೇ?

“ಇದೆಂತ ರಾಯರೇ?”

“ಕುತ್ತಿಗೆಯ ನರಹುಲಿಗೆ ಹರಕೆ ಮಾರಾಯ್ರೆ. ಏಳು ದಿನ ದೇವರ ಮೀನಿಗೆ ಹಾಕ್ಬೇಕು. ದೇವಸ್ಥಾನದ ಹೊಳೆಗೆ ಹೋಗ್ಲಿಕ್ಕೆ ಎರಡು ಬಸ್ಸು. ಮೀನು ಇಲ್ಲೇ ಉಂಟಲ್ಲ!”

“ಒಗ್ಗರಣೆ ಯಾಕೆ?”

“ಸಪ್ಪೆ ಹಾಕಿದ್ರೆ ದೇವರು ಎಂತ ಗ್ರಹಿಸಿಯಾರು? ನರಹುಲಿ ಬೀಳದಿದ್ರೆ ಇನ್ನೊಂದು ವಾರ ಹಾಕುವ.”

ಹಿಂದೆ ನನ್ನ ಹೊಸ ರೇಡಿಯೋದ ತೂತುಗಳಿಗೆಲ್ಲ ಗಂಧ ಮೆತ್ತಿ ಪೂಜಿಸಿದವರೂ ಇವರೇ.

ನರಹುಲಿ ಹಾಗೆಯೇ ಇದೆ. ಮೀನು ಒಂದೇ ಉಳಿದಿದೆ. ನನ್ನ ತೊಟ್ಟಿಯನ್ನು ಪುಣ್ಯತೀರ್ಥವೆಂದು ಸಾರಿದವರು ಯಾರು? ರಾಯರು ನಾಳೆ ಸಂಜೆ ಅಶ್ವತ್ಥಕಟ್ಟೆಯಲ್ಲಿ ಎಲ್ಲರೆದುರು ಉತ್ತರಿಸಲಿ.