ನೆಗೆಣ್ಣಿಯ ವಾತ

೧೯೩೪ರ ಬೇಸಿಗೆಯಲ್ಲಿ ಬ್ಯಾಡಗಿಯ ಶಾಲೆಗೆ ವರ್ಗವಾಗಿ ಬಂದ ನಾನು, ಬಾಡಿಗೆಗೆ ಕೋಣೆ ಕೇಳಲು ಮೆಣಸಿನಕಾಯಿ ವ್ಯಾಪಾರಸ್ಥರ ಒಂದು ಮನೆಗೆ ಹೋದೆನು. ತಲಬಾಗಿಲಲ್ಲಿ ನಿಂತರೆ ಹಿತ್ತಿಲು ನೇರವಾಗಿ ಕಾಣುತ್ತಿತ್ತು. ಅಲ್ಲಿ ಮನೆಯ ಯಜಮಾನಿ ಫಕ್ಕೀರವ್ವ ಕಿರಿಯ ಸೊಸೆ ಶಾರದವ್ವನನ್ನು ಮಣೆಯ ಮೇಲೆ ಕೂಡ್ರಿಸಿಕೊಂಡು ತಲೆಗೆ ಬಿಸಿ ಎಳ್ಳೆಣ್ಣೆ ತಿಕ್ಕುತ್ತಿದ್ದಳು. ಹಿರಿಯ ಸೊಸೆ ಗದಿಗೆವ್ವ ಬಾಗಿಲಿಗೆ ಒರಗಿ ಅದನ್ನು ನೋಡುತ್ತಿದ್ದಳು. ಕೈಯಲ್ಲಿ ಮೊರವಿತ್ತು; ಮೆಣಸಿನಕಾಯಿಯ ತೊಟ್ಟು ಮುರಿಯುವುದನ್ನು ಮರೆತಿದ್ದಳು. ನಾನು ಕೆಮ್ಮಿದ ಮೇಲೆ ತಿರುಗಿ, ನನ್ನ ರುಮಾಲು, ಛತ್ರಿ ನೋಡಿಯೇ ಹೊಸ ಮಾಸ್ತರನೆಂದು ಗುರುತು ಹಿಡಿದಳು.

“ಬರ್ರಿ ಮಾಸ್ತರ, ಕುಂದ್ರಿ. ನಮ್ಮತ್ತಿ ಬರೂದು ತಡಾ ಐತಿ. ಅದು ಲಗೂ ಮುಗಿಯೂ ತಲಿ ಅಲ್ಲ.”

ಕೋಣೆ ಸಿಕ್ಕಿತು. ಗದಿಗೆವ್ವ ಮನಸ್ಸಿನಲ್ಲಿದ್ದುದನ್ನೆಲ್ಲ ನನ್ನ ಹೆಂಡತಿಯ ಮುಂದೆ ತೋಡಿಕೊಳ್ಳುತ್ತಿದ್ದುದರಿಂದ ಆ ಮನೆಯ ಸುದ್ದಿ ನಮಗೆ ತಿಳಿಯದೆ ಉಳಿಯಲಿಲ್ಲ.

ಅವಳು ಹಲಗೇರಿಯ ರೈತರ ಮಗಳು. ತಾಯಿಯ ಮುಖವೇ ಅವಳಿಗೆ ನೆನಪಿರಲಿಲ್ಲ. ಸೊಸೆಯಾಗಿ ಬಂದ ಮೇಲೆ ಫಕ್ಕೀರವ್ವನೇ ಅವಳ ತಲೆ ಬಾಚಿ ಹೆರಳು ಹಾಕುತ್ತಿದ್ದಳಂತೆ. ಅಷ್ಟರಲ್ಲಿ ಮೈದುನನ ಹೆಂಡತಿಯಾಗಿ, ಅವಳಿಗೆ ನೆಗೆಣ್ಣಿಯಾಗಿ ಶಾರದವ್ವ ಬಂದಳು: ಕಡ್ಡಿಯಂಥ ಮೈ, ನಿದ್ದೆ ಕಡಿಮೆ, ಕುಳಿತೆದ್ದರೆ ಕೀಲು ಸದ್ದು ಮಾಡುತ್ತಿದ್ದವು. ಮೋಟೆಬೆನ್ನೂರಿನ ರಾಘಣ್ಣ ಪಂಡಿತರು ನಾಡಿ ಹಿಡಿದು ಇದು ವಾತದ ಮೈಯೆಂದರು. ಎಳ್ಳೆಣ್ಣೆಯ ಅಭ್ಯಂಗ, ಬೆಳ್ಳುಳ್ಳಿ ಹಾಕಿ ಕುದಿಸಿದ ಹಾಲು, ಎಳ್ಳುಂಡೆ ಹೇಳಿದರು. ಅಂದಿನಿಂದ ಅತ್ತೆಯ ಕೈಗಳು ಶಾರದವ್ವನ ಪಾಲಾದವು.

“ಆಕೀಗೆ ವಾತಂತ, ಎಣ್ಣಿ ಹಾಲು. ನನಗ ಯಾ ರೋಗಾನೂ ಇಲ್ಲಂತ, ಮೊರಾ ಬೀಸಗಲ್ಲು,” ಎನ್ನುತ್ತಿದ್ದಳು ಗದಿಗೆವ್ವ. “ಗಟ್ಟಿ ಇದ್ದದ್ದ ನನ್ನ ತಪ್ಪು ನೋಡ್ರಿ ಬಾಯಾರ.”

ಆ ಕಾಲದಲ್ಲಿ ಅಂಥ ಮನೆಗಳ ಸೊಸೆಯಂದಿರು ವೈದ್ಯರೆದುರು ಬರುತ್ತಿರಲಿಲ್ಲ. ಕದದ ಮರೆಯಲ್ಲಿ ನಿಂತು ಎಡಗೈಯನ್ನಷ್ಟೇ ಹೊರಗೆ ಚಾಚುತ್ತಿದ್ದರು. ಬಾಧೆಯನ್ನು ಅಲ್ಲಿಂದಲೇ ಹೇಳುತ್ತಿದ್ದರು. ಶ್ರಾವಣದಲ್ಲಿ ಪಂಡಿತರು ಬಂದಾಗ ಗದಿಗೆವ್ವನೂ ಕೈ ಚಾಚಿದಳು. ಹಿಂದಿನ ದಿನ ಸೋಮವಾರದ ಉಪವಾಸ. ರಾತ್ರಿಯೂ ಉಣ್ಣದೆ ಹಾಗೇ ಮುಂದುವರಿಸಿದ್ದಳು. ಶಾರದವ್ವನ ಬಾಧೆಗಳನ್ನೆಲ್ಲ ತನ್ನವೆಂದು ಒಂದೂ ಬಿಡದೆ ಒಪ್ಪಿಸಿದಳು. ಹಸಿದ ನಾಡಿ ಸಣ್ಣಗೆ, ಚಂಚಲವಾಗಿ ಓಡುತ್ತಿತ್ತು. ಮುಖ ಕಾಣದ ಪಂಡಿತರು, “ಇವರಿಗೂ ವಾತ ಅದ,” ಎಂದರು.

ಮಣೆಯ ಮೇಲೆ ಈಗ ಗದಿಗೆವ್ವನ ಪಾಳಿಯೂ ಬಂತು. ಶಾರದವ್ವನಿಗಿಂತ ಮೊದಲು ತಾನೇ ಹೋಗಿ ಕೂಡುತ್ತಿದ್ದಳು. ಅತ್ತೆಯ ಬೆರಳು ನೆತ್ತಿಗೆ ತಾಗುತ್ತಲೇ ಕಣ್ಣು ಮುಚ್ಚುತ್ತಿದ್ದಳು. ಆದರೆ ಮೈ ಒಪ್ಪಬೇಕಲ್ಲ! ಅವಳು ಕೆಂಪು ಮೈಬಣ್ಣದವಳು. ಹೊತ್ತಿಗೆ ಮೊದಲೇ ಹಸಿಯುವವಳು, ಬೇಗ ಸಿಟ್ಟಾಗುವವಳು. ಬೆಳ್ಳುಳ್ಳಿ ಹಾಲು ಎದೆಯನ್ನು ಸುಟ್ಟಿತು. ಬಾಯಲ್ಲಿ ಹುಣ್ಣಾದವು, ಅಂಗಾಲು ಉರಿದವು. ಯಾರೂ ಇಲ್ಲದಾಗ ಹಿತ್ತಿಲಲ್ಲಿ ನೀರಿನ ಬಕೀಟಿನಲ್ಲಿ ಕಾಲಿಟ್ಟು ಕೂಡುತ್ತಿದ್ದಳು.

ಶಾರದವ್ವ ಒಮ್ಮೆ ಅದನ್ನು ಕಂಡು, “ಯಕ್ಕಾ, ಈ ಎಣ್ಣಿ ನಿಮಗ ಆಗಿಬರವಲ್ದು, ಬಿಟ್ಟಬಿಡ್ರಿ,” ಎಂದಳು.

“ಬಿಟ್ಟರ ನಿನಗ ಎರಡೂ ಪಾಳಿ ಸಿಗ್ತಾವ, ಹೌದಿಲ್ಲ?”

ದೀಪಾವಳಿಯ ಮುಂದೆ ಒಂದು ಬೆಳಗ್ಗೆ ಎಣ್ಣೆ ತಿಕ್ಕುತ್ತಿದ್ದ ಫಕ್ಕೀರವ್ವನ ಕೈ ನಿಂತಿತು.

“ಇದೇನ ಇದು ತಲೀ ತುಂಬಾ ಗುಳ್ಳಿ?”

“ಏನಿಲ್ರಿ ಅತ್ತಿ. ಸ್ವಲ್ಪ ಮ್ಯಾಲೆ ತಿಕ್ರಿ.”

ಮಾತು ಮುಗಿಯುವಷ್ಟರಲ್ಲಿ ಅವಳ ಮೂಗಿನಿಂದ ರಕ್ತ ಸುರಿಯಿತು. ಮನೆಯೆಲ್ಲ ಗಾಬರಿ. ಪಂಡಿತರು ಬಂದರು, ಅಂದು ಕದದ ಮರೆಯೇನೂ ಉಳಿಯಲಿಲ್ಲ. ಗದಿಗೆವ್ವನನ್ನು ಬೆಳಕಿಗೆ ಕೂಡ್ರಿಸಿ ಕೆಂಪಾದ ಕಣ್ಣು, ನಾಲಗೆ ನೋಡಿದರು.

“ಇದು ಅಪ್ಪಟ ಪಿತ್ತದ ಮೈ. ವಾತ ಅಂತ ಯಾರು ಹೇಳಿದ್ರು?”

“ನೀವ ಹೇಳಿದ್ರೆಪಾ!” ಎಂದಳು ಫಕ್ಕೀರವ್ವ.

“ಆವತ್ತ ಯಕ್ಕ ಉಪಾಸ ಇದ್ದಳ್ರಿ,” ಎಂದು ಶಾರದವ್ವ ಮೆಲ್ಲಗೆ ಹೇಳಿದಳು. “ಆಕಿ ಹೇಳಿದ ಬ್ಯಾನಿ ಎಲ್ಲಾ ನನ್ನವ್ರಿ.”

ಪಂಡಿತರು ಬಯ್ಯಲಿಲ್ಲ. ವಾತ ಒಣಗಿ ತಣ್ಣಗಿರುವುದು, ಅದಕ್ಕೆ ಜಿಡ್ಡು, ಕಾವು ಬೇಕು. ಪಿತ್ತ ಮೊದಲೇ ಬೆಂಕಿ, ಅದನ್ನು ತಣಿಸಬೇಕು. ಒಬ್ಬರ ಔಷಧ ಇನ್ನೊಬ್ಬರಿಗೆ ವಿಷವಾಗಬಹುದೆಂದು ತಿಳಿಸಿದರು. ಎಳ್ಳೆಣ್ಣೆ, ಬೆಳ್ಳುಳ್ಳಿ, ಮೆಣಸಿನಕಾಯಿ ನಿಂತವು. ಕೊತ್ತಂಬರಿ ಕಾಳು ನೆನೆಸಿದ ನೀರು, ತುಪ್ಪ, ಹಾಲು, ತಲೆಗೆ ಕೊಬ್ಬರಿ ಎಣ್ಣೆ ಬಂದವು.

ಎಲ್ಲವನ್ನೂ ಕೇಳಿದ ಗದಿಗೆವ್ವ, “ಆ ಕೊಬ್ಬರಿ ಎಣ್ಣಿ ಯಾರು ಹಚ್ಚಬೇಕ್ರಿ?” ಎಂದಳು.

“ಯಾರಾದ್ರೂ ಹಚ್ಚಬಹುದು. ನೀವ ಹಚ್ಚಿಕೋಬಹುದು.”

ಆಗ ಅವಳು ಅತ್ತುಬಿಟ್ಟಳು. ಫಕ್ಕೀರವ್ವನಿಗೆ ತಿಳಿಯಿತು. “ಹುಚ್ಚಿ, ಇಷ್ಟಕ್ಕ ಮೈ ಸುಟ್ಟುಗೊಂಡಿ? ಬಾಯಿಬಿಟ್ಟು ಕೇಳಬಾರದೇನ?”

“ಕೇಳಿ ಹಚ್ಚಿಸ್ಕೊಂಡರ ಏನು ಬಂತ್ರಿ ಅತ್ತಿ?”

ಮರುದಿನ ಅವಳು ಕೇಳದೆಯೇ ಮುದುಕಿ ಕೊಬ್ಬರಿ ಎಣ್ಣೆ ತಂದು ಕುಳಿತಳು. ಗದಿಗೆವ್ವನ ಮೈಯ ಉರಿ ಇಳಿಯಿತು. ಹೊಟ್ಟೆಯ ಉರಿ ಮಾತ್ರ ಅಷ್ಟು ಬೇಗ ಇಳಿಯಲಿಲ್ಲ. ಶಾರದವ್ವನ ಎಣ್ಣೆ ಬಿಸಿಯಾಗಿರುತ್ತದೆ, ತನ್ನದು ತಣ್ಣಗಿರುತ್ತದೆ ಎಂಬುದು ಹೊಸ ತಕರಾರು.

ಈಗ ಅಣ್ಣತಮ್ಮಂದಿರು ಬೇರೆಯಾಗಿದ್ದಾರೆ. ಶಾರದವ್ವನ ಸಂಸಾರ ರಾಣೆಬೆನ್ನೂರಿನಲ್ಲಿ, ಗದಿಗೆವ್ವನದು ಹಾವೇರಿಯಲ್ಲಿ. ಅತ್ತೆ ಗದಿಗೆವ್ವನ ಹತ್ತಿರವೇ ಇದ್ದಾಳೆ. ಹೋದ ತಿಂಗಳು ನಾನು ಅವರ ಮನೆಗೆ ಹೋದಾಗ ತಾಯಿಯನ್ನು ಕರೆದೊಯ್ಯಲು ಶಾರದವ್ವನ ಗಂಡನೂ ಬಂದಿದ್ದ. “ಅತ್ತೀದು ಈಗ ವಾತದ ಮೈ ಆಗೇತಿ ಮೈದುನಾ. ನಿಮ್ಮೂರ ಗಾಳಿ ಬಾಳ ಒಣಾ,” ಎಂದು ಗದಿಗೆವ್ವ ಅವನಿಗೆ ಚಹ ಕುಡಿಸಿ ಕಳಿಸಿಬಿಟ್ಟಳು. ಎರಡೂ ಊರಿನ ಗಾಳಿ ಒಂದೇ ಎಂದು ಹೇಳುವ ಧೈರ್ಯ ಅವನಿಗೂ ಇರಲಿಲ್ಲ, ನನಗೂ ಇರಲಿಲ್ಲ. ದಿನಾ ಬೆಳಗ್ಗೆ ಗದಿಗೆವ್ವ ಅತ್ತೆಗೆ ತುಪ್ಪ ಹಾಕಿದ ಗೋಧಿ ಗಂಜಿಯನ್ನು ತಾನೇ ಕುಡಿಸುತ್ತಾಳೆ. ಮುದುಕಿ ಶಾರದವ್ವನ ಹೆಸರೆತ್ತಿದರೆ, ಬಟ್ಟಲಿಗೆ ಇನ್ನೊಂದು ಸೌಟು ಸುರಿಯುತ್ತಾಳೆ.